ಸಂತೆಯ ಚೀಲದಲ್ಲಿದೆ ಮನೆಯ ಆರೋಗ್ಯ

ರೋಗ ಬಂದ ಮೇಲೆ ವೈದ್ಯರನ್ನು ಅರಸಿಕೊಂಡು ಹೋಗುವುದು ಎಲ್ಲರೂ ಮಾಡುವ ಕೆಲಸ. ಆ ರೋಗ ಯಾವ ಬಾಗಿಲಿನಿಂದ ಮನೆಯನ್ನು ಹೊಕ್ಕಿತು ಎಂದು ವಿಚಾರಿಸುವವರು ವಿರಳ. ಇಂದು ಮನೆಮನೆಯಲ್ಲಿ ಕಾಣುವ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜುಗಳಿಗೆ ವಂಶದ ಗುಣ, ಮೈದಣಿಯದ ಬದುಕು, ವಯಸ್ಸು, ಚಿಂತೆ ಮುಂತಾದ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು ಕಾರಣವನ್ನು ಮಾತ್ರ ನಾವೇ ಹಣ ಕೊಟ್ಟು ಕೊಂಡು, ಚೀಲದಲ್ಲಿ ಹಾಕಿಕೊಂಡು ಮನೆಗೆ ತರುತ್ತಿದ್ದೇವೆ. ಇದು ನಮಗೆ ಮನವರಿಕೆಯಾದದ್ದು ಕಳೆದ ವರ್ಷ, ನಮ್ಮ ತಾಯಿಯವರ ಕಾಯಿಲೆಯ ನಿಮಿತ್ತದಿಂದ.

ತಾಯಿಯವರಿಗೆ 72 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ವೈದ್ಯರು ಉಪ್ಪು ಕಡಿಮೆ ಮಾಡಬೇಕೆಂದು ಹೇಳಿದಂದಿನಿಂದ ಸಾರಿಗೂ ಪಲ್ಯಕ್ಕೂ ಅರ್ಧ ಉಪ್ಪು ಹಾಕುವುದು ಮನೆಯ ವ್ರತವೇ ಆಗಿಬಿಟ್ಟಿತ್ತು. ಆದರೂ ಒತ್ತಡ ಇಳಿಯಲಿಲ್ಲ. ಸಂಜೆಯಾದರೆ ಕಾಲು ಬಾಯುತ್ತಿತ್ತು. ಮಾತ್ರೆಯನ್ನು ಹೆಚ್ಚಿಸುವ ಮೊದಲು ವೈದ್ಯರು ಒಂದು ಮಾತು ಕೇಳಿದರು: “ಅವ್ವಾರ, ಚಹಾದ ಜೋಡಿ ಏನ್ ತಗೋತೀರಿ?” ತಾಯಿಯವರು ಸಂಕೋಚವಿಲ್ಲದೆ ಉತ್ತರಿಸಿದರು: “ನಾಲ್ಕ ಬಿಸ್ಕೀಟ್ ರೀ, ಒಂದೀಟು ಖಾರಾ. ಊಟಕ್ಕ ಅಂಗಡಿ ಉಪ್ಪಿನಕಾಯಿ, ಹಪ್ಪಳ. ಅಷ್ಟ.” ವೈದ್ಯರು ನಮ್ಮ ಕಡೆ ತಿರುಗಿ, “ನೀವು ಒಲೀ ಮುಂದಿನ ಉಪ್ಪ ಕಾದೀರಿ. ಅಂಗಡಿಯಿಂದ ಬಂದ ಉಪ್ಪ ಯಾರ ಕಾಯಬೇಕು?” ಎಂದರು.

ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮನೆಗೆ ಬಂದವರೇ ಒಂದು ನಿಶ್ಚಯ ಮಾಡಿದೆವು. ಒಂದು ತಿಂಗಳ ಪರ್ಯಂತ ಅಂಗಡಿಯಿಂದ ಬಂದ ಯಾವ ಪೊಟ್ಟಣವನ್ನೂ ಎಸೆಯದೆ, ಖಾಲಿಯಾದಂತೆ ಒಂದು ಗೋಣಿಚೀಲದಲ್ಲಿ ಕೂಡಿಡಬೇಕು. ತಿಂಗಳು ತುಂಬಿದ ಅಮವಾಸ್ಯೆಯ ದಿನ ಚೀಲವನ್ನು ಪಡಸಾಲೆಯಲ್ಲಿ ಸುರಿದಾಗ ನಮಗೇ ನಾಚಿಕೆಯಾಯಿತು. ಆರು ಜನರ ಮನೆ. ಹೊಲವುಂಟು, ಹೈನವುಂಟು, ಅಡುಗೆ ಬಲ್ಲವರುಂಟು. ಆದರೂ ಮೊಣಕಾಲೆತ್ತರದ ಪೊಟ್ಟಣಗಳ ರಾಶಿ. ಮಕ್ಕಳು ಅವುಗಳ ಮೇಲಿನ ಹೆಸರುಗಳನ್ನು ಓದುತ್ತ ಬೇರೆ ಬೇರೆ ಮಾಡಿದರು. ಹತ್ತಾರು ಬಣ್ಣ, ಹತ್ತಾರು ಹೆಸರು. ಆದರೆ ಹಿಂಬದಿಯ ಸಣ್ಣ ಅಕ್ಷರಗಳನ್ನು ನೋಡಿದರೆ, ಬಹುಪಾಲು ಬೆರಳೆಣಿಕೆಯ ದೊಡ್ಡ ಕಂಪನಿಗಳವು.

ಆ ರಾಶಿಯನ್ನು ನಾವು ಮೂರು ಗುಂಪು ಮಾಡಿದೆವು. ಮನೆಗೆ ಬೇಡವೇ ಬೇಡವಾದವು ಮೊದಲನೆಯ ಗುಂಪು. ಬೇಕಾದವು, ಆದರೆ ನಮ್ಮ ಊರಿನಲ್ಲಿಯೇ ಸಿಗುವಂಥವು ಎರಡನೆಯದು. ಪೊಟ್ಟಣದಲ್ಲಿಯೇ ಕೊಳ್ಳುವುದು ಲೇಸಾದವು ಮೂರನೆಯದು. ಈ ವಿಂಗಡಣೆಯಿಂದ ನಾವು ಕಲಿತದ್ದನ್ನು ಸದ್ಭಕ್ತರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಬೇಡದ ಗುಂಪು

ಚಿಪ್ಸು, ಕುರುಕಲು, ಕ್ರೀಮ್ ಬಿಸ್ಕತ್ತು, ಎರಡು ನಿಮಿಷದಲ್ಲಿ ಬೇಯುವ ಶಾವಿಗೆ, ಸಿಹಿ ಪಾನೀಯ, ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿ, ಸಾಸು. ರಾಶಿಯ ಅರ್ಧಕ್ಕಿಂತ ಹೆಚ್ಚು ಭಾಗ ಇವುಗಳದೇ. ಇಂಥ ಆಹಾರಕ್ಕೆ ವಿಜ್ಞಾನಿಗಳು ‘ಅತಿ ಸಂಸ್ಕರಿತ ಆಹಾರ’ ಎಂಬ ಹೆಸರಿಟ್ಟಿದ್ದಾರೆ. ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೈರೊ ಅವರು 2009ರಲ್ಲಿ ಆಹಾರವನ್ನು ಅದರಲ್ಲಿರುವ ಸತ್ವದಿಂದಷ್ಟೇ ಅಳೆಯದೆ, ಅದನ್ನು ಎಷ್ಟು ಮಾರ್ಪಡಿಸಲಾಗಿದೆ ಎಂಬುದರಿಂದಲೂ ಅಳೆಯಬೇಕೆಂದು ಸೂಚಿಸಿದರು. ಜೋಳ, ಬೇಳೆ, ತರಕಾರಿ, ಹಾಲುಗಳು ಒಂದು ತುದಿಯಲ್ಲಿ. ಕಾರ್ಖಾನೆಯಲ್ಲಿ ಪಿಷ್ಟ, ಎಣ್ಣೆ, ಸಕ್ಕರೆಗಳನ್ನು ಬೇರ್ಪಡಿಸಿ, ಮತ್ತೆ ಬಣ್ಣ, ವಾಸನೆ, ರುಚಿವರ್ಧಕಗಳೊಡನೆ ಕೂಡಿಸಿ ಕಟ್ಟಿದ ತಿನಿಸುಗಳು ಇನ್ನೊಂದು ತುದಿಯಲ್ಲಿ.

ಇವುಗಳಿಂದ ಆಗುವ ಹಾನಿ ಎಂಥದು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು ನಡೆಸಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. 20 ಜನರನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಎರಡು ವಾರ ಅತಿ ಸಂಸ್ಕರಿತ ಆಹಾರವನ್ನೂ ಎರಡು ವಾರ ಸಹಜ ಆಹಾರವನ್ನೂ ಕೊಟ್ಟರು. ಮುಂದಿಟ್ಟ ತಟ್ಟೆಯಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರಿನಂಶಗಳೆಲ್ಲ ಎರಡೂ ಬಗೆಯಲ್ಲಿ ಸರಿಸಮ. ಬೇಕಾದಷ್ಟು ಉಣ್ಣಬಹುದು, ಬೇಡವೆನಿಸಿದಾಗ ನಿಲ್ಲಿಸಬಹುದು. ಆದರೂ ಸಂಸ್ಕರಿತ ಆಹಾರ ಉಂಡ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಹೆಚ್ಚು ತಿಂದರು. ಎರಡೇ ವಾರದಲ್ಲಿ ಸರಾಸರಿ ಒಂದು ಕಿಲೋಗ್ರಾಮಿನ ಸಮೀಪದಷ್ಟು ತೂಕ ಏರಿತು. ಸಹಜ ಆಹಾರದ ಎರಡು ವಾರಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕ ಇಳಿಯಿತು. ‘ಸಾಕು’ ಎಂದು ಹೊಟ್ಟೆ ಹೇಳುವ ಮಾತು ಇಂಥ ತಿನಿಸಿನ ಮುಂದೆ ತಡವಾಗಿ ಕೇಳಿಸುತ್ತದೆ. ಮಗುವು ಒಂದು ಚಿಪ್ಸಿನ ಪೊಟ್ಟಣ ಮುಗಿಸಿ ಇನ್ನೊಂದಕ್ಕೆ ಅಳುವುದು ಅದರ ಹಟಮಾರಿತನದಿಂದ ಮಾತ್ರವಲ್ಲ. ಆ ತಿನಿಸನ್ನು ಹಾಗೆ ತಿನ್ನಿಸಿಕೊಳ್ಳುವಂತೆಯೇ ರೂಪಿಸಲಾಗಿದೆ.

ಇದು ಪರದೇಶದ ಕಥೆಯೆಂದು ಸುಮ್ಮನಿರುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ಭಾಗಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಅಧಿಕ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಹೊರತಂದ ಆಹಾರ ಮಾರ್ಗಸೂಚಿಯು ದೇಶದ ಒಟ್ಟು ರೋಗಭಾರದ 56.4ರಷ್ಟು ಶೇಕಡಾ ಭಾಗಕ್ಕೆ ಅನಾರೋಗ್ಯಕರ ಆಹಾರವೇ ಕಾರಣವೆಂದು ಅಂದಾಜಿಸಿದೆ. ಅತಿ ಸಂಸ್ಕರಿತ ಆಹಾರವನ್ನು ಮಿತಗೊಳಿಸಬೇಕೆಂದೂ, ಪೊಟ್ಟಣದ ಮೇಲಿನ ವಿವರವನ್ನು ಓದಿಯೇ ಕೊಳ್ಳಬೇಕೆಂದೂ ಅದು ತಿಳಿಸುತ್ತದೆ.

ಹಿಂಬದಿಯ ಸಣ್ಣ ಅಕ್ಷರ

ಪೊಟ್ಟಣದ ಮುಂಬದಿಯನ್ನು ಬರೆಯುವವರು ಜಾಹೀರಾತಿನವರು. ಹಿಂಬದಿಯನ್ನು ಬರೆಯಿಸುವುದು ಕಾನೂನು. ಆದಕಾರಣ ಹಿಂಬದಿಯನ್ನು ಓದುವ ಅಭ್ಯಾಸ ಅವಶ್ಯ. ಕಣ್ಣು ಮಂಜಾದವರು ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಓದಿಸಿಕೊಳ್ಳಬಹುದು. ಅದು ಆ ಮಕ್ಕಳಿಗೂ ಒಳ್ಳೆಯ ಪಾಠ.

ಮೊದಲು ನೋಡಬೇಕಾದದ್ದು ಬಳಸಿದ ಪದಾರ್ಥಗಳ ಪಟ್ಟಿ. ಹೆಚ್ಚು ತೂಕದ ಪದಾರ್ಥವನ್ನು ಮೊದಲು, ಕಡಿಮೆಯದನ್ನು ಕೊನೆಗೆ ಬರೆಯಬೇಕೆಂಬುದು ನಿಯಮ. ಮುಂಬದಿಯಲ್ಲಿ ‘ರಾಗಿ’ ಎಂದು ದೊಡ್ಡದಾಗಿ ಬರೆದ ಬಿಸ್ಕತ್ತಿನ ಹಿಂಬದಿಯಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆಗಳು ಮೊದಲ ಮೂರು ಸ್ಥಾನ ಹಿಡಿದಿದ್ದರೆ, ಅದು ರಾಗಿಯ ಹೆಸರಿನ ಮೈದಾ ಬಿಸ್ಕತ್ತು. ಸಕ್ಕರೆಯು ದ್ರವ ಗ್ಲೂಕೋಸು, ಇನ್ವರ್ಟ್ ಸಿರಪ್ಪು, ಕಾರ್ನ್ ಸಿರಪ್ಪು, ಡೆಕ್ಸ್ಟ್ರೋಸು ಎಂಬ ನಾನಾ ವೇಷಗಳಲ್ಲಿ ಪಟ್ಟಿಯಲ್ಲಿ ಅಲ್ಲಲ್ಲಿ ಅಡಗಿರುತ್ತದೆ. ಮಾಲ್ಟೊಡೆಕ್ಸ್ಟ್ರಿನ್ ಎಂಬುದು ರುಚಿಗೆ ಅಷ್ಟು ಸಿಹಿಯಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುವ ಪಿಷ್ಟ.

ಎರಡನೆಯದು ಸೋಡಿಯಂ. ಸೋಡಿಯಂನ ಲೆಕ್ಕವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ದೊಡ್ಡವರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಪೊಟ್ಟಣ ಶಾವಿಗೆಯಲ್ಲಿ 800 ಮಿಲಿಗ್ರಾಂ ಸೋಡಿಯಂ ಇದ್ದರೆ, ಅದರಲ್ಲಿ 2 ಗ್ರಾಂ ಉಪ್ಪಿದೆ ಎಂದರ್ಥ. ಇಡೀ ದಿನದ ಪಾಲಿನಲ್ಲಿ ಐದನೆಯ ಎರಡು ಭಾಗ ಒಂದೇ ಹೊತ್ತಿನ ತಿಂಡಿಯಲ್ಲಿ ಮುಗಿಯಿತು. ಸಿಹಿ ಬಿಸ್ಕತ್ತಿನಲ್ಲಿಯೂ ಉಪ್ಪು ಮತ್ತು ಸೋಡಾದ ರೂಪದಲ್ಲಿ ಸೋಡಿಯಂ ಇರುತ್ತದೆ ಎಂಬುದು ನಮಗೆ ತಿಳಿದದ್ದು ತಾಯಿಯವರ ಪೊಟ್ಟಣವನ್ನು ಓದಿದಾಗಲೇ.

ಮೂರನೆಯದು ಸಕ್ಕರೆ. ಸೇರಿಸಿದ ಸಕ್ಕರೆಯು ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗವನ್ನು ಮೀರಬಾರದು, ಅದರ ಅರ್ಧಕ್ಕೆ, ಅಂದರೆ ಸುಮಾರು 25 ಗ್ರಾಮಿಗೆ ಇಳಿಸಿದರೆ ಇನ್ನೂ ಲೇಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ಹಲವು ಕೋಲಾ ಪಾನೀಯಗಳಲ್ಲಿ 100 ಮಿಲಿಲೀಟರಿಗೆ 10 ಗ್ರಾಮಿಗೂ ಹೆಚ್ಚು ಸಕ್ಕರೆ ಇರುತ್ತದೆ. 250 ಮಿಲಿಲೀಟರಿನ ಒಂದು ಬಾಟಲಿ ಕುಡಿದರೆ ಆ ದಿನದ 25 ಗ್ರಾಮಿನ ಪಾಲು ಅಲ್ಲಿಗೇ ತೀರಿತು. ಬಿಸಿಲಿನಲ್ಲಿ ಬಂದ ನೆಂಟರಿಗೆ ನಾವು ಆದರದಿಂದ ಕೊಡುವುದು ಐದಾರು ಚಮಚ ಸಕ್ಕರೆಯ ನೀರು.

ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಇವುಗಳನ್ನು ‘ಆರೋಗ್ಯ ಪೇಯ’ವೆಂದು ನಂಬಿ ಎಷ್ಟೋ ತಾಯಂದಿರು ಸೀರೆಯ ಹಣ ಉಳಿಸಿ ಕೊಂಡಿದ್ದಾರೆ. ನಮ್ಮ ದೇಶದ ಆಹಾರ ಸುರಕ್ಷತೆಯ ಕಾನೂನಿನಲ್ಲಿ ‘ಆರೋಗ್ಯ ಪೇಯ’ ಎಂಬ ವರ್ಗವೇ ಇಲ್ಲ. ಈ ಕಾರಣದಿಂದ 2024ರ ಏಪ್ರಿಲ್ ತಿಂಗಳಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವು ಅಂತಹ ಪಾನೀಯಗಳನ್ನು ಆ ಹೆಸರಿನ ವಿಭಾಗದಿಂದ ತೆಗೆದುಹಾಕುವಂತೆ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ಹಾಲು ತಾನೇ ಆಹಾರ. ಅದಕ್ಕೆ ಜೊತೆ ಬೇಕೆನಿಸಿದರೆ ಹುರಿದು ಬೀಸಿದ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ.

ಹಣದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. 10 ರೂಪಾಯಿಯ ಪೊಟ್ಟಣದ ಮೇಲೆ 25 ಗ್ರಾಂ ಎಂದಿದ್ದರೆ ಆ ಆಲೂಗಡ್ಡೆಯ ಬೆಲೆ ಕಿಲೋಗೆ 400 ರೂಪಾಯಿ ಆಯಿತು. ಉಬ್ಬಿದ ಪೊಟ್ಟಣವನ್ನು ಕಂಡು ಅಗ್ಗವೆಂದುಕೊಂಡವರು ಈ ಭಾಗಾಕಾರ ಮಾಡಿರುವುದಿಲ್ಲ. ಪೊಟ್ಟಣ ಖಾಲಿಯಾದ ಮೇಲೂ ಅದರ ಕೇಡು ತೀರದು. ಪ್ಲಾಸ್ಟಿಕ್ಕು ಮತ್ತು ಲೋಹದ ಪದರಗಳು ಅಂಟಿಕೊಂಡಿರುವ ಆ ಹಾಳೆಯನ್ನು ಮರುಬಳಕೆ ಮಾಡುವುದು ಬಹು ಕಷ್ಟ. ಹಳ್ಳಿಗಳಲ್ಲಿ ಅದು ಕೊನೆಗೆ ಸೇರುವುದು ಬಚ್ಚಲ ಒಲೆಯನ್ನು. ನೀರು ಕಾಯಿಸುವವರು ನಸುಕಿನಲ್ಲಿ ಆ ವಿಷಹೊಗೆಯನ್ನು ಸೇವಿಸುತ್ತಾರೆ. ಈ ರೂಢಿಯನ್ನು ಇಂದೇ ಬಿಡಬೇಕು.

ನೆರೆಯಲ್ಲಿಯೇ ಸಿಗುವ ಗುಂಪು

ಎರಡನೆಯ ಗುಂಪಿನಲ್ಲಿದ್ದವು ಎಣ್ಣೆ, ಗೋಧಿ ಹಿಟ್ಟು, ಖಾರದ ಪುಡಿ, ಮಸಾಲೆ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ. ಇವು ಬೇಕಾದ ವಸ್ತುಗಳೇ. ಆದರೆ ಊರಿನಲ್ಲಿ ಗಿರಣಿಯಿರುವಾಗ ಹಿಟ್ಟು ನೂರಾರು ಮೈಲಿ ದೂರದಿಂದ ಏಕೆ ಬರಬೇಕು? ಬ್ಯಾಡಗಿಯ ಮೆಣಸಿನಕಾಯಿ ದೇಶವಿದೇಶಗಳಿಗೆ ಹೋಗುವಾಗ ಅದೇ ನಾಡಿನ ನಾವು ಕೆಂಪು ಪೊಟ್ಟಣವನ್ನು ಏಕೆ ಕೊಳ್ಳಬೇಕು? ಇಡಿಯ ಕಾಯಿಯನ್ನು ಕೊಂಡು, ತೊಟ್ಟು ತೆಗೆದು, ಒಣಗಿಸಿ ಕುಟ್ಟಿಸಿದರೆ ಕೃತಕ ಬಣ್ಣದ ಭಯವಿಲ್ಲ.

ಎಣ್ಣೆಯ ಕಥೆ ಇನ್ನೂ ದೊಡ್ಡದು. ಶೇಂಗಾ, ಕುಸುಬೆ, ಗುರೆಳ್ಳು, ಅಗಸೆಗಳನ್ನು ಬೆಳೆಯುವ ನಾಡು ನಮ್ಮದು. ಊರೂರಿಗೂ ಗಾಣವಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪನವರ ಹೆಸರಿನಲ್ಲಿಯೇ ಆ ಕಾಯಕವಿದೆ. 1990ರ ದಶಕದಲ್ಲಿ ಖಾದ್ಯ ತೈಲದ ಆಮದು ಮುಕ್ತವಾದ ಮೇಲೆ ಅಗ್ಗದ ತಾಳೆ ಎಣ್ಣೆ ಹರಿದು ಬಂದಿತು. ಇಂದು ಪ್ರಪಂಚದಲ್ಲಿಯೇ ಅತಿ ಹೆಚ್ಚು ತಾಳೆ ಎಣ್ಣೆಯನ್ನು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಅಡುಗೆ ಎಣ್ಣೆಯ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಗಾಣದ ಕಲ್ಲುಗಳು ಎಷ್ಟೋ ಊರುಗಳಲ್ಲಿ ಮಣ್ಣಿನಲ್ಲಿ ಹುಗಿದುಹೋದವು. ಗಾಣಿಗನ ಕಾಯಕ ಹೋಯಿತು, ದನಗಳಿಗೆ ಹಿಂಡಿ ತುಟ್ಟಿಯಾಯಿತು. ನಾವು ಕೊಳ್ಳುವ ಒಂದು ವಸ್ತು ಬದಲಾದರೆ ಎಷ್ಟು ಮನೆಗಳ ಒಲೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಈಚೆಗೆ ಹಲವು ಊರುಗಳಲ್ಲಿ ಗಾಣಗಳು ಮತ್ತೆ ತಿರುಗತೊಡಗಿವೆ. ಅವು ನಿಲ್ಲುವುದೂ ನಡೆಯುವುದೂ ಕೊಳ್ಳುವವರ ಕೈಯಲ್ಲಿದೆ.

ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಮೊದಲನೆಯದು, ಊರಿನದೆಲ್ಲವೂ ಶುದ್ಧವೆಂಬ ಭ್ರಮೆ ಬೇಡ. 1998ರಲ್ಲಿ ದೆಹಲಿಯಲ್ಲಿ ಅರ್ಜಿಮೋನ್ ಎಂಬ ಕಳೆಗಿಡದ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆಯನ್ನು ತಿಂದು ಹಲವಾರು ಜನ ಪ್ರಾಣ ಕಳೆದುಕೊಂಡರು. ಗುರುತಿಲ್ಲದ ಡಬ್ಬಿಯ ಬಿಡಿ ಎಣ್ಣೆಯನ್ನು ಕೊಳ್ಳಬಾರದು. ನಮ್ಮ ಕಣ್ಣೆದುರಿನಲ್ಲಿ, ನಾವು ಆರಿಸಿ ಕೊಟ್ಟ ಕಾಳಿನಿಂದ ತೆಗೆಸಿದ ಎಣ್ಣೆ ಲೇಸು. ಬೂಸಲು ಹಿಡಿದ ಶೇಂಗಾದಲ್ಲಿ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಎಂಬ ವಿಷವಿರುವುದರಿಂದ ಕಾಳನ್ನು ಶೋಧಿಸಿಯೇ ಗಾಣಕ್ಕೆ ಒಯ್ಯಬೇಕು. ಎರಡನೆಯದು, ಗಾಣದ ಎಣ್ಣೆಯೂ ಎಣ್ಣೆಯೇ, ಬೆಲ್ಲವೂ ಸಕ್ಕರೆಯ ಬಂಧುವೇ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನಷ್ಟು ಎಣ್ಣೆಯನ್ನು ಮೀರದಿರುವುದು ಹಿತ. ಸಕ್ಕರೆ ಕಾಯಿಲೆಯವರು ಬೆಲ್ಲದಲ್ಲಿಯೂ ಮಿತಿಯನ್ನು ಮರೆಯಬಾರದು. ಮೂರನೆಯದು, ಮೂಲೆಯಂಗಡಿಯಲ್ಲಿ ಮತ್ತೆ ಮತ್ತೆ ಕಾಯ್ದ ಎಣ್ಣೆಯಲ್ಲಿ ಕರಿದ ಮಿರ್ಚಿಯು ನೆರೆಯವನದೆಂಬ ಕಾರಣಕ್ಕೆ ಪಥ್ಯವಾಗುವುದಿಲ್ಲ. ಮನೆಯ ಉಪ್ಪಿನಕಾಯಿ, ಹಪ್ಪಳಗಳಲ್ಲಿಯೂ ಉಪ್ಪು ಉಂಟು. ದೊಡ್ಡವರಿಂದ ಕಡಿಮೆ ಕೊಳ್ಳುವುದು ಒಂದು ಧರ್ಮ. ಒಟ್ಟಾರೆ ಕಡಿಮೆ ತಿನ್ನುವುದು ಇನ್ನೊಂದು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಫಲವಿಲ್ಲ.

ಪೊಟ್ಟಣವೇ ಲೇಸಾದ ಗುಂಪು

ಮೂರನೆಯ ಗುಂಪು ಚಿಕ್ಕದು. ಅಯೋಡಿನ್ ಬೆರೆತ ಉಪ್ಪು ಅದರಲ್ಲಿ ಮುಖ್ಯ. ಗಳಗಂಡ ಮತ್ತು ಮಕ್ಕಳ ಬುದ್ಧಿಮಾಂದ್ಯವನ್ನು ತಡೆಯುವ ಸಲುವಾಗಿ 2006ರಿಂದ ದೇಶದಾದ್ಯಂತ ಊಟಕ್ಕೆ ಅಯೋಡಿನ್ ಉಪ್ಪನ್ನೇ ಮಾರಬೇಕೆಂಬ ನಿಯಮವಿದೆ. ‘ಸಹಜ’ವೆಂಬ ಹೆಸರಿಗೆ ಮರುಳಾಗಿ ಬಸುರಿ ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡುವುದು ಅಪಾಯ. ವೈದ್ಯರು ಬರೆದುಕೊಟ್ಟ ಔಷಧಗಳೂ ಇದೇ ಗುಂಪಿಗೆ ಸೇರುತ್ತವೆ. ದೊಡ್ಡ ಕಂಪನಿ ಮಾಡಿದ್ದೆಂದು ಮಾತ್ರೆಯನ್ನು ಬಿಡುವುದು ವಿವೇಕವಲ್ಲ. ಪೇಟೆಯಲ್ಲಿರುವವರು ಕೊಳ್ಳುವ ಹಾಲಿನ ಪೊಟ್ಟಣವು ಬಹುಮಟ್ಟಿಗೆ ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಿಂದಲೇ ಬರುತ್ತದೆ. ಅದರ ಹಣ ಡೇರಿಗೆ ಹಾಲು ಹಾಕಿದ ರೈತ ಮಹಿಳೆಯನ್ನು ಮುಟ್ಟುತ್ತದೆ.

ಸಹಕಾರವೆಂಬುದು ನಮಗೆ ಹೊಸದಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಒಬ್ಬೊಬ್ಬರಾಗಿ ಬಡ್ಡಿಯವರ ಮುಂದೆ ನಿಲ್ಲುತ್ತಿದ್ದ ರೈತರು ಒಟ್ಟಾಗಿ ನಿಂತಾಗ ಬಲ ಬಂದಿತು. ಕೊಳ್ಳುವವರ ಮಾತೂ ಹಾಗೆಯೇ. ಒಂದು ಮನೆ ಗಾಣಕ್ಕೆ ಐದು ಕಿಲೋ ಕಾಳು ಒಯ್ದರೆ ಗಾಣಿಗನಿಗೆ ಕೂಲಿ ಗಿಟ್ಟದು. ಓಣಿಯ ಹತ್ತು ಮನೆಗಳು ಕೂಡಿ ಒಯ್ದರೆ ಅವನ ದಿನ ತುಂಬುತ್ತದೆ.

ಕೊಳ್ಳದಿರುವುದರ ಬಲ

ನಮ್ಮ ಒಂದು ಮನೆ ಕೊಳ್ಳದಿದ್ದರೆ ಅಷ್ಟು ದೊಡ್ಡ ಕಂಪನಿಗೆ ಏನಾದೀತು ಎಂದು ಕೇಳುವವರುಂಟು. ಇದಕ್ಕೆ ಚರಿತ್ರೆಯೇ ಉತ್ತರ ಹೇಳುತ್ತದೆ. 1970ರ ದಶಕದಲ್ಲಿ ಬಡ ದೇಶಗಳ ತಾಯಂದಿರಿಗೆ ಶಿಶುಗಳ ಹಾಲಿನ ಪುಡಿಯನ್ನು ಜಾಹೀರಾತುಗಳ ಮೂಲಕ ಮಾರಲಾಗುತ್ತಿತ್ತು. ಶುದ್ಧ ನೀರಿಲ್ಲದ, ಪುಡಿಯನ್ನು ತೆಳುವಾಗಿ ಕಲಸಿಯೇ ದಿನ ದೂಡಬೇಕಾದ ಮನೆಗಳಲ್ಲಿ ಕೂಸುಗಳು ಭೇದಿಗೂ ಅಪೌಷ್ಟಿಕತೆಗೂ ತುತ್ತಾದವು. 1977ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಕೆಲವರು ನೆಸ್ಲೆ ಕಂಪನಿಯ ಯಾವ ವಸ್ತುವನ್ನೂ ಕೊಳ್ಳುವುದಿಲ್ಲವೆಂದು ತೀರ್ಮಾನಿಸಿದರು. ಆ ಬಹಿಷ್ಕಾರ ಹಲವು ದೇಶಗಳಿಗೆ ಹರಡಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆಯು ತಾಯಿಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಅಂತಾರಾಷ್ಟ್ರೀಯ ನಿಯಮಾವಳಿಯನ್ನು ಅಂಗೀಕರಿಸಿತು. 1984ರಲ್ಲಿ ಕಂಪನಿಯು ಅದನ್ನು ಪಾಲಿಸುವುದಾಗಿ ಒಪ್ಪಿದಾಗ ಬಹಿಷ್ಕಾರವನ್ನು ನಿಲ್ಲಿಸಲಾಯಿತು. ಮಾತು ನಡೆಯಲಿಲ್ಲವೆಂದು 1988ರಲ್ಲಿ ಮತ್ತೆ ಆರಂಭಿಸಲಾಯಿತು. ನಮ್ಮ ದೇಶವು 1992ರಲ್ಲಿ ಕಾನೂನು ಮಾಡಿ, ಶಿಶುಗಳ ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತನ್ನೇ ನಿಷೇಧಿಸಿತು.

ಇನ್ನೂ ಸಮೀಪದ ನಿದರ್ಶನ ಚಿಲಿ ದೇಶದ್ದು. 2016ರಿಂದ ಅಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣದ ಮುಂಬದಿಯಲ್ಲಿಯೇ ಕಪ್ಪು ಎಚ್ಚರಿಕೆಯ ಗುರುತು ಇರಬೇಕು. ಆ ಬಳಿಕ ಸಿಹಿ ಪಾನೀಯಗಳ ಖರೀದಿ ಇಳಿಯಿತೆಂದು ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿಯೂ ಜನರು ಕೇಳಿದಾಗ ಕಾನೂನು ಅಲುಗಾಡಿದೆ: ಎಣ್ಣೆ, ವನಸ್ಪತಿಗಳಲ್ಲಿರುವ ಹೃದಯಕ್ಕೆ ಮಾರಕವಾದ ಟ್ರಾನ್ಸ್ ಕೊಬ್ಬನ್ನು 2022ರ ಜನವರಿಯಿಂದ ಶೇಕಡಾ 2ಕ್ಕೆ ಮಿತಿಗೊಳಿಸಲಾಗಿದೆ. ಮೋಸದ ಜಾಹೀರಾತಿಗೆ ದಂಡ ವಿಧಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. 1915 ಎಂಬ ಸಂಖ್ಯೆಗೆ ಕರೆ ಮಾಡಿ ಯಾರೇ ಆದರೂ ದೂರು ಹೇಳಬಹುದು. ಕೊಳ್ಳುವವನು ಕಣ್ಣು ತೆರೆದಷ್ಟೂ ಮಾರುವವನು ತಿದ್ದಿಕೊಳ್ಳುತ್ತಾನೆ.

ಆಯ್ದಕ್ಕಿ ಲಕ್ಕಮ್ಮನ ಮನೆಯ ಲೆಕ್ಕ

ಮಿತಿಯ ಮಾತು ಬಂದಾಗ ಆಯ್ದಕ್ಕಿ ದಂಪತಿಗಳ ನೆನಪಾಗದೆ ಇರದು. ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ; ಇಂದಿನ ದಾಸೋಹಕ್ಕೆ ಇಷ್ಟು ಬೇಡ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದರು. ಪುಕ್ಕಟೆಯಾಗಿ ಬಂದದ್ದನ್ನೂ ಬೇಡವೆಂದ ಮನೆ ಅದು. ‘ಒಂದು ಕೊಂಡರೆ ಒಂದು ಉಚಿತ’ ಎಂಬ ಫಲಕದ ಮುಂದೆ ನಿಂತಾಗಲೆಲ್ಲ ನಾವು ಆ ತಾಯಿಯನ್ನು ನೆನೆಯಬೇಕು. ಅವರು ಅಕ್ಕಿಯನ್ನು ಅಳೆದದ್ದು ಅಗತ್ಯದ ಅಳತೆಗೋಲಿನಿಂದ. ಅಂಗಡಿಯ ರಿಯಾಯಿತಿಯಿಂದ ಅಳೆದವರಲ್ಲ.

ದಾಸೋಹದ ಪರಂಪರೆಯೂ ಇದನ್ನೇ ಹೇಳುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ತಾಯಂದಿರು ಜೋಳದ ರೊಟ್ಟಿ ಬಡಿದು, ಗಾಡಿ ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಬರುತ್ತಾರೆ. ಲಕ್ಷಾಂತರ ಜನ ಅದನ್ನು ಪ್ರಸಾದವಾಗಿ ಉಣ್ಣುತ್ತಾರೆ. ಅಷ್ಟು ದೊಡ್ಡ ಊಟ ಯಾವ ಕಂಪನಿಯ ಪೊಟ್ಟಣದಿಂದಲೂ ಬಂದದ್ದಲ್ಲ. ನಮ್ಮ ಮನೆಯ ಗೃಹಪ್ರವೇಶ, ನಾಮಕರಣ, ಲಗ್ನಗಳಲ್ಲಿ ಇದೇ ಮಾದರಿಯನ್ನು ಅನುಸರಿಸಬಾರದೇಕೆ? ಸಿಹಿ ಪಾನೀಯದ ಬಾಟಲಿಯ ಸ್ಥಳದಲ್ಲಿ ಮಜ್ಜಿಗೆ ಅಥವಾ ಪಾನಕ, ಮಕ್ಕಳಿಗೆ ಹಂಚುವ ಚಾಕೊಲೇಟಿನ ಸ್ಥಳದಲ್ಲಿ ಬಾಳೆಹಣ್ಣು ಇದ್ದರೆ ಆದರಕ್ಕೆ ಕೊರತೆಯಾಗದು.

ನಮ್ಮ ಸಮಾಜದವರು ನಡೆಸುವ ಶಾಲಾ ಕಾಲೇಜುಗಳು ನಾಡಿನ ತುಂಬ ಇವೆ. ಶಾಲೆಯ ಉಪಾಹಾರ ಗೃಹದಲ್ಲಿಯೂ ಶಾಲೆಯ ಬಾಗಿಲಿನಿಂದ 50 ಮೀಟರ್ ಅಂತರದೊಳಗೂ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾದ ತಿನಿಸನ್ನು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಶಾಲೆಯ ಬಾಗಿಲಲ್ಲಿ ನಿಂತು ನೋಡಿದರೆ ಆ ನಿಯಮ ಎಷ್ಟು ಪಾಲನೆಯಾಗಿದೆ ಎಂಬುದು ಯಾರಿಗಾದರೂ ತಿಳಿಯುತ್ತದೆ. ಆಡಳಿತ ಮಂಡಳಿಯಲ್ಲಿರುವ ಸದ್ಭಕ್ತರು ಈ ಕಡೆ ಗಮನ ಕೊಡಬೇಕೆಂದು ನಾವು ವಿನಂತಿಸುತ್ತೇವೆ.

ಮನೆಯಲ್ಲಿ ಮಾಡಬಹುದಾದದ್ದು

ಎಲ್ಲವನ್ನೂ ಒಮ್ಮೆಲೇ ಬಿಡುವ ಪ್ರತಿಜ್ಞೆ ವಾರದಲ್ಲಿ ಮುರಿಯುತ್ತದೆ. ನಾವು ಅನುಸರಿಸಿದ ಕ್ರಮ ಹೀಗಿತ್ತು:

ಮೊದಲ ತಿಂಗಳು ಸಿಹಿ ಪಾನೀಯ ಮತ್ತು ಹಾಲಿನ ಪುಡಿಯನ್ನು ನಿಲ್ಲಿಸಿದೆವು. ಮಜ್ಜಿಗೆ, ನಿಂಬೆಯ ನೀರು, ರಾಗಿ ಅಂಬಲಿ ಆ ಸ್ಥಳಕ್ಕೆ ಬಂದವು.

ಎರಡನೆಯ ತಿಂಗಳು ಮಕ್ಕಳ ಕುರುಕಲಿನ ಡಬ್ಬಿಯನ್ನು ಬದಲಾಯಿಸಿದೆವು. ಒಗ್ಗರಣೆ ಚುರುಮುರಿ, ಹುರಿದ ಶೇಂಗಾ, ಪುಠಾಣಿ, ಹಣ್ಣು. ಪೊಟ್ಟಣವನ್ನು ಪೂರ್ತಿ ನಿಷೇಧಿಸದೆ, ಸಂತೆಯ ದಿನ ಮಾತ್ರ ಒಂದು ಎಂದು ಒಪ್ಪಂದವಾಯಿತು.

ಮೂರನೆಯ ತಿಂಗಳು ಎಣ್ಣೆ, ಹಿಟ್ಟು, ಖಾರದ ಪುಡಿಗಳನ್ನು ಊರಿನ ಗಾಣಕ್ಕೂ ಗಿರಣಿಗೂ ತಿರುಗಿಸಿದೆವು.

ಅಂಗಡಿಗೆ ಹೋಗುವಾಗ ಚೀಟಿ ಬರೆದುಕೊಂಡೇ ಹೋಗುವುದು, ಚೀಟಿಯಲ್ಲಿ ಇಲ್ಲದ್ದನ್ನು ತರದಿರುವುದು, ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗದಿರುವುದು — ಇವು ಸದಾಕಾಲದ ನಿಯಮಗಳು.

ಇಲ್ಲಿ ಒಂದು ಅನ್ಯಾಯಕ್ಕೆ ಆಸ್ಪದ ಕೊಡಬಾರದು. ಪೊಟ್ಟಣ ನಿಂತಾಗ ಆ ಕೆಲಸವೆಲ್ಲ ಹೆಣ್ಣುಮಕ್ಕಳ ತಲೆಯ ಮೇಲೆ ಬೀಳುತ್ತದೆ. ಹೊಲದಿಂದಲೋ ಕಚೇರಿಯಿಂದಲೋ ದಣಿದು ಬಂದ ತಾಯಿಗೆ ‘ಚಟ್ನಿ ಮನೆಯಲ್ಲೇ ಅರೆ’ ಎಂದು ಉಪದೇಶ ಮಾಡುವ ಗಂಡಸರು ಮೊದಲು ಶೇಂಗಾ ಹುರಿಯಲು ಕಲಿಯಬೇಕು. ಗಿರಣಿಗೂ ಗಾಣಕ್ಕೂ ಹೋಗಿ ಬರುವುದು, ಕಾಳು ಆರಿಸುವುದು ಗಂಡಸರ ಪಾಲಿನ ಕಾಯಕವಾಗಲಿ. ಸಮಯವೇ ಇಲ್ಲದವರು ಊರಿನ ರೊಟ್ಟಿ ಕೇಂದ್ರದಿಂದ ಕಡಕ್ ರೊಟ್ಟಿ, ಚಟ್ನಿಪುಡಿಗಳನ್ನು ಕೊಳ್ಳಬಹುದು. ಆ ಹಣ ಇನ್ನೊಬ್ಬ ದುಡಿಯುವ ತಾಯಿಯ ಮನೆಯನ್ನು ಸೇರುತ್ತದೆ. ದಿನಗೂಲಿಯ ನಡುವೆ 5 ರೂಪಾಯಿಯ ಬಿಸ್ಕತ್ತಿನಿಂದ ಮಗುವನ್ನು ಸುಮ್ಮನಿರಿಸುವ ಬಡವರನ್ನು ಹೀಗಳೆಯುವುದೂ ಬೇಡ. ಆಯ್ಕೆಯಿರುವವರ ಹೊಣೆ ದೊಡ್ಡದು. ಕಿರಾಣಿ ಅಂಗಡಿಯವನನ್ನು ದೂರುವುದೂ ಸಲ್ಲದು. ನಾವು ಕೇಳಿದ್ದನ್ನು ಅವನು ಮಾರುತ್ತಾನೆ. ಶೇಂಗಾ ಉಂಡೆ ಕೇಳುವವರು ಹೆಚ್ಚಾದರೆ ಗಾಜಿನ ಭರಣಿಯಲ್ಲಿ ಅದೂ ಬಂದು ಕೂರುತ್ತದೆ. ನಮ್ಮ ಓಣಿಯ ಅಂಗಡಿಯಲ್ಲಿ ಬಂದಿದೆ.

ನಮ್ಮ ತಾಯಿಯವರ ಮಾತ್ರೆ ನಿಂತಿಲ್ಲ. ವೈದ್ಯರ ಮಾತಿಲ್ಲದೆ ಯಾರೂ ನಿಲ್ಲಿಸಲೂ ಬಾರದು. ಆದರೆ ಹೆಚ್ಚಿಸಬೇಕಾಗಿ ಬರಲಿಲ್ಲ. ಸಂಜೆಯ ಬಾವು ಇಳಿದಿದೆ. ಚಹಾದ ಜೊತೆ ಈಗ ಉಪ್ಪಿಲ್ಲದೆ ಹುರಿದ ಒಂದು ಹಿಡಿ ಚುರುಮುರಿ. ಮೊದಮೊದಲು ಅವರು ಮುನಿಸಿಕೊಂಡದ್ದೂ ಉಂಟು. ಈ ವರ್ಷ ಮತ್ತೆ ಒಂದು ತಿಂಗಳು ಪೊಟ್ಟಣಗಳನ್ನು ಕೂಡಿಟ್ಟೆವು. ಗೋಣಿಚೀಲ ಬೇಕಾಗಲಿಲ್ಲ, ಒಂದು ಕೈಚೀಲ ಸಾಕಾಯಿತು. ಅದನ್ನು ಸುರಿದು ನೋಡಿ, “ಇದರಾಗೂ ಒಂದೆರಡು ತಗೀಬಹುದಲ್ಲೋ” ಎಂದವರು ತಾಯಿಯವರೇ.

ಸದ್ಭಕ್ತರಲ್ಲಿ ನಮ್ಮ ಬಿನ್ನಹ ಇಷ್ಟೇ. ಬರುವ ಒಂದು ತಿಂಗಳು ತಮ್ಮ ಮನೆಯಲ್ಲಿಯೂ ಒಂದು ಚೀಲವನ್ನು ಮೊಳೆಗೆ ತೂಗುಹಾಕಿ, ಖಾಲಿ ಪೊಟ್ಟಣಗಳನ್ನು ಅದರಲ್ಲಿ ಕೂಡಿಡಿರಿ. ತಿಂಗಳ ಕೊನೆಗೆ ಮನೆಮಂದಿಯೆಲ್ಲ ಕುಳಿತು ಮೂರು ಗುಂಪು ಮಾಡಿರಿ. ಮುಂದೇನು ಮಾಡಬೇಕೆಂಬುದನ್ನು ಆ ರಾಶಿಯೇ ತಿಳಿಸುತ್ತದೆ.